ನಮ್ಮ ಚೀಲ ಅಳೆಯುತ್ತೀರಿ, ನಿಮ್ಮ ಸೀಟು ಎಷ್ಟು ಇಂಚು? ವಿಮಾನಯಾನದ ಹಿರಿಯ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎಯ ಮಹಾನಿರ್ದೇಶಕರಿಗೆ, ಮತ್ತು ವಿಮಾನದಲ್ಲಿ ಕೂತು ಮೊಣಕಾಲು ಎಲ್ಲಿಡಲಿ ಅಂತ ಒಮ್ಮೆಯಾದರೂ ಯೋಚಿಸಿದ ಎಲ್ಲರಿಗೂ,

ಹುಬ್ಬಳ್ಳಿಯಿಂದ ನಮಸ್ಕಾರ.

ನನ್ನ ಎತ್ತರ 6 ಅಡಿ 4 ಇಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ರಗಳೆಯೆಲ್ಲ ಇದರಿಂದಲೇ ಶುರುವಾಗಿದ್ದು. ಹುಟ್ಟಿದ್ದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದೆ. ಈಗ ಗೋಕುಲ ರೋಡಿನಲ್ಲಿ ಕೃಷಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಮಾರಾಟದ ಕೆಲಸ. ತಿಂಗಳಿಗೊಮ್ಮೆ ಬೆಂಗಳೂರು, ಎರಡು ಮೂರು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಮುಂದೆ ದಿಲ್ಲಿ. ನಮ್ಮ ಆಫೀಸಿನಿಂದ ವಿಮಾನ ನಿಲ್ದಾಣಕ್ಕೆ ಆಟೋದಲ್ಲಿ ಹತ್ತು ನಿಮಿಷ ಸಾಕು. ನಿಲ್ದಾಣದ ಬಗ್ಗೆ ನನ್ನ ತಕರಾರಿಲ್ಲ. 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಶುರುವಾದಾಗ ನಮ್ಮೂರಿಗೂ ವಿಮಾನ ಬಂತಲ್ಲ ಅಂತ ಹಿಗ್ಗಿದವರಲ್ಲಿ ನಾನೂ ಒಬ್ಬ. ತಕರಾರು ಇರುವುದು ವಿಮಾನದ ಒಳಗೆ ಕಾಲಿಟ್ಟ ಮೇಲೆ. ಕಾಲು ಇಡಲು ಜಾಗ ಸಿಕ್ಕರೆ ತಾನೇ ಕಾಲಿಟ್ಟ ಹಾಗೆ, ಅದು ಬೇರೆ ಮಾತು.

ಉದ್ದ ಇರುವವರಿಗೆ ಬಾಗುವುದು ಹೊಸದಲ್ಲ. ನಮ್ಮ ಅಜ್ಜನ ಮನೆಯ ನಡುಮನೆಯ ಬಾಗಿಲು ಐದೂವರೆ ಅಡಿ ಇದ್ದಿರಬೇಕು. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ಹಣೆಗೂ ಅದರ ಮೇಲಿನ ತೊಲೆಗೂ ದಿನಾ ಜಗಳ. "ಬಗ್ಗಿ ಬಾರೋ" ಅಂತ ಅವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, ಅವಳು ಕೂಗುವಷ್ಟರಲ್ಲಿ ಢಣ್ ಅಂದಿರುತ್ತಿತ್ತು. ಒಂದು ದಿನ ಅಜ್ಜಿ ಹಳೇ ಕೌದಿಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ, ಚೀಲ ಹೊಲಿಯುವ ದಾರದಲ್ಲಿ ಆ ತೊಲೆಗೆ ಕಟ್ಟಿಬಿಟ್ಟಳು. ಯಾರೂ ಅವಳಿಗೆ ಹೇಳಿರಲಿಲ್ಲ. ಮೊಮ್ಮಗನ ಹಣೆ ನೋಡಿದಳು, ತೊಲೆ ನೋಡಿದಳು, ಅಷ್ಟೇ.

ಓಣಿಯಲ್ಲಿ ನನ್ನ ಹೆಸರು ಗಳ. ದೀಪಾವಳಿ ಬಂತೆಂದರೆ ಎಲ್ಲರ ಮನೆಯ ಜೇಡರ ಬಲೆ ತೆಗೆಯಲು ನಾನೇ ಬೇಕು, ಮದುವೆ ಫೋಟೋದಲ್ಲಿ ಮಾತ್ರ "ನೀ ಹಿಂದ ನಿಂದ್ರಪಾ". ಇದಕ್ಕೆಲ್ಲ ನನಗೆ ಬೇಜಾರಿಲ್ಲ. ರಾತ್ರಿ ಬಸ್ಸಿನ ಸ್ಲೀಪರಿನಲ್ಲಿ ಮಡಚಿದ ಛತ್ರಿಯ ಹಾಗೆ ಮಲಗಿ ಬೆಂಗಳೂರಿಗೆ ಹೋಗಿದ್ದೇನೆ. ರೈಲಿನಲ್ಲಿ ಪಾದ ನಡುದಾರಿಗೆ ಚಾಚಿ, ಚಹಾ ಮಾರುವವರಿಂದ ಬೆಳಗಿನ ಜಾವದವರೆಗೂ ಒದೆ ತಿಂದಿದ್ದೇನೆ. ಆದರೆ ಬಸ್ಸಿನಲ್ಲಿ ಬರ್ತ್ ಆರಡಿ ಅಂತ ಗೊತ್ತಿರುತ್ತದೆ. ರೈಲಿನಲ್ಲಿ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲಬಹುದು. ವಿಮಾನದಲ್ಲಿ ಎರಡೂ ಇಲ್ಲ. ಎಷ್ಟು ಜಾಗ ಅಂತ ಮೊದಲೇ ಗೊತ್ತಾಗುವುದಿಲ್ಲ, ಗೊತ್ತಾದ ಮೇಲೆ ಏಳುವ ಹಾಗಿಲ್ಲ, ಬೆಲ್ಟ್ ಹಾಕಿಕೊಳ್ಳಿ ಅನ್ನುತ್ತಾರೆ.

ಮೊದಲು ಚಿಕ್ಕ ವಿಮಾನದ ಕಥೆ ಹೇಳುತ್ತೇನೆ. ನಮ್ಮಂಥ ಊರುಗಳಿಗೆ ಬರುವ ಫ್ಯಾನಿನ ವಿಮಾನ, ಎಟಿಆರ್ 72. ಹಿಂದಿನ ಬಾಗಿಲಿನಿಂದ ಹತ್ತಬೇಕು, ಆ ಕಡೆ ಎರಡು ಈ ಕಡೆ ಎರಡು ಸೀಟು, ನಡುವೆ ಓಡಾಡುವ ದಾರಿ. ಆ ದಾರಿಯಲ್ಲಿ ನೆಲದಿಂದ ಚಾವಣಿಗೆ 1.91 ಮೀಟರ್. ನಾನು 1.93. ಅಂದರೆ ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ನಾನು ನೆಟ್ಟಗೆ ನಿಲ್ಲುವ ಜಾಗ ಆ ವಿಮಾನದಲ್ಲಿ ಎಲ್ಲೂ ಇಲ್ಲ. ಇದಕ್ಕೆ ವಿಮಾನ ಮಾಡಿದವರನ್ನು ನಾನು ಬೈಯುವುದಿಲ್ಲ. ಸಣ್ಣ ಊರಿಗೆ ಸಣ್ಣ ವಿಮಾನವೇ ಸರಿ, ಅದು ಇರುವುದಕ್ಕೇ ನಮಗೆ ವಿಮಾನ ಸಿಕ್ಕಿದ್ದು. ಒಂದು ತಾಸು ತಲೆ ಬಗ್ಗಿಸಿದರೆ ನನ್ನ ಗಂಟೇನೂ ಹೋಗುವುದಿಲ್ಲ. ಚಾವಣಿ ಎತ್ತರಿಸುವುದು ಯಾರ ಕೈಯಲ್ಲೂ ಇಲ್ಲ. ಸೀಟು ಎಷ್ಟು ದೂರ ದೂರ ಇಡಬೇಕು ಅನ್ನುವುದು ಮಾತ್ರ ವಿಮಾನ ಓಡಿಸುವ ಕಂಪನಿಯ ಕೈಯಲ್ಲೇ ಇದೆ. ಅದೇ ಚಿಪ್ಪಿನೊಳಗೆ ಬೇಕೆಂದರೆ 70 ಸೀಟು ಹಾಕಬಹುದು, ಬೇಕೆಂದರೆ 78 ತುರುಕಬಹುದು.

ಹೋದ ಮಳೆಗಾಲದಲ್ಲಿ ನನಗೆ 14ನೇ ಸಾಲು ಸಿಕ್ಕಿತ್ತು. ಕಂಪನಿಯ ಹೆಸರು ಬೇಡ ಬಿಡಿ, ಹೆಸರು ಬರೆದರೆ ಇದು ಒಬ್ಬರ ಮೇಲಿನ ದೂರಾಗುತ್ತದೆ. ಕೂತೆ. ಬೆನ್ನು ಪೂರ್ತಿ ಹಿಂದಕ್ಕೆ ಒತ್ತಿದರೂ ಎರಡೂ ಮೊಣಕಾಲ ಚಿಪ್ಪು ಮುಂದಿನ ಸೀಟಿಗೆ ತಾಗಿ ನಿಂತವು. ಆ ಸೀಟಿನ ಬೆನ್ನಿಗೆ ಒಂದು ಜೇಬು ಇರುತ್ತದಲ್ಲ, ಅದರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಸುರಕ್ಷತಾ ಕಾರ್ಡು, ಮುಂಚೆ ಕೂತವರು ಬಿಟ್ಟುಹೋದ ಅರ್ಧ ನೀರಿನ ಬಾಟಲಿ. ಕಾರ್ಡಿನ ಅಂಚು ಬಲಗಾಲ ಚಿಪ್ಪಿನ ಕೆಳಗೆ ಸರಿಯಾಗಿ ಕೂತಿತು. ಬಾಟಲಿ ತೆಗೆದು ತೊಡೆ ಮೇಲೆ ಇಟ್ಟುಕೊಂಡೆ. ಕಾರ್ಡು ತೆಗೆಯಲು ಕೈ ಹೋಗಲಿಲ್ಲ, ನನ್ನದೇ ಮೊಣಕಾಲು ಅಡ್ಡ.

ವಿಮಾನ ಓಡಲು ಶುರುಮಾಡಿತು. ಮುಂದಿನ ಸೀಟಿನಲ್ಲಿ ಗಾಂಧಿ ಟೊಪ್ಪಿಗೆ, ಬಿಳಿ ಅಂಗಿ ಹಾಕಿದ್ದ ಒಬ್ಬ ಅಜ್ಜ. ಗದಗಿನ ಕಡೆಯವರು, ಬೆಂಗಳೂರಿನಲ್ಲಿ ಮರಿಮೊಮ್ಮಗನ ತೊಟ್ಟಿಲಿಗೆ ಹೊರಟವರು, ವಿಮಾನ ಹತ್ತಿದ್ದು ಅದೇ ಮೊದಲು ಅಂತ ಆಮೇಲೆ ಗೊತ್ತಾಯಿತು. ಎರಡು ಸಲ ಹಿಂದಕ್ಕೆ ಕತ್ತು ತಿರುಗಿಸಿದರು. ಮೂರನೇ ಸಲ ಕೇಳಿಯೇ ಬಿಟ್ಟರು.

"ಯಾಕೋ ತಮ್ಮಾ, ಬೆನ್ನಿಗೆ ಒದ್ಯಾಕತ್ತೀಯಲ್ಲ?"

"ಒದ್ಯಾಕತ್ತಿಲ್ರಿ ಅಜ್ಜಾರ. ಮೊಣಕಾಲ ಇಡಾಕ ಬ್ಯಾರೆ ಜಾಗಾನ ಇಲ್ರಿ."

ಅವರು ನಂಬಲಿಲ್ಲ. ಬೆಲ್ಟಿನ ದೀಪ ಆರಿದ ಮೇಲೆ ಸೀಟು ಹಿಡಿದು ಎದ್ದು ನಿಂತು, ಬಗ್ಗಿ ನನ್ನ ಕಾಲು ನೋಡಿದರು. ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. "ಅಬಬಬ, ಇದೇನೋ ಮಾರಾಯಾ, ನಮ್ಮ ಚಕ್ಕಡ್ಯಾಗ ಇದಕ್ಕಿಂತ ಆರಾಮ ಕುಂದರತಿದ್ದಿ" ಅಂದರು. ಆಮೇಲೆ ಚೀಲದಿಂದ ಒಂದು ಶೇಂಗಾ ಉಂಡಿ ತೆಗೆದು ಕೊಟ್ಟರು. ಮುಂದೆ ಇಳಿಯುವವರೆಗೂ ಪಾಪ ಅವರು ಸೀಟಿಗೆ ಬೆನ್ನು ಪೂರ್ತಿ ಆನಿಸಲಿಲ್ಲ. ನನಗೆ ನೋವಾದೀತು ಅಂತ ಅವರು ಮುಂದೆ ಬಾಗಿ ಕೂತರು, ಅವರಿಗೆ ಚುಚ್ಚೀತು ಅಂತ ನಾನು ಓರೆಯಾಗಿ ಕೂತೆ. ನಾನು ಓರೆಯಾದ್ದರಿಂದ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕಿಟಕಿಗೆ ಅಂಟಿಕೊಂಡು ಕೂತಳು. ಒಂದು ಟಿಕೆಟ್ಟಿನ ಮೊಣಕಾಲಿಗೆ ಮೂರು ಟಿಕೆಟ್ಟಿನವರ ಪ್ರಯಾಣ ಹಾಳು. ಹಾಗಾಗಿ ಇದು ಉದ್ದ ಇದ್ದವರ ಪಾಡು ಮಾತ್ರ ಅಂತ ದಯವಿಟ್ಟು ತಿಳಿಯಬೇಡಿ ಸಾಹೇಬರೇ. ನಮ್ಮ ಮುಂದೆ ಒಬ್ಬರು, ಪಕ್ಕದಲ್ಲಿ ಒಬ್ಬರು ಯಾವಾಗಲೂ ಇರುತ್ತಾರೆ.

ಸುಮ್ನೆ ಗೊಣಗುತ್ತಾ ಕೂತರೆ ಆಗಲ್ಲ ಅಂತ ಆ ಸಲ ಊರಿಗೆ ಬಂದ ಮೇಲೆ ಧಾರವಾಡದಲ್ಲಿ ನನ್ನ ಪ್ಯಾಂಟು ಹೊಲಿಯುವ ಟೇಲರ್ ಹತ್ತಿರ ಹೋದೆ. (ರೆಡಿಮೇಡ್ ಪ್ಯಾಂಟು ನನಗೆ ಹಿಮ್ಮಡಿ ಮುಟ್ಟುವುದಿಲ್ಲ.) ಗೋಡೆಗೆ ಬೆನ್ನು ಹಚ್ಚಿ ಸ್ಟೂಲಿನ ಮೇಲೆ ಕೂತೆ, ಅವರು ಗೋಡೆಯಿಂದ ಮೊಣಕಾಲ ಚಿಪ್ಪಿನ ತುದಿಯವರೆಗೆ ಟೇಪು ಹಿಡಿದರು. 26 ಮುಕ್ಕಾಲು ಇಂಚು. "ಇದ್ಯಾವ ಡಿಸೈನ್ ರೀ ಸರ್ರ?" ಅಂತ ಕೇಳಿದರು. ಮುಂದಿನ ಪ್ರಯಾಣದಲ್ಲಿ ಅದೇ ಥರದ ಟೇಪೊಂದನ್ನು ಜೇಬಿನಲ್ಲಿ ಒಯ್ದೆ. ಬೆನ್ನು ಆನಿಸುವ ಜಾಗದಿಂದ ಮುಂದಿನ ಸೀಟಿನವರೆಗೆ ಅಳೆದರೆ, 26 ಇಂಚಿಗೂ ಒಂದು ನೂಲು ಕಮ್ಮಿ. ಬಡಿಗೇರರ ಲೆಕ್ಕ ಗೊತ್ತಿದ್ದವರಿಗೆ ಗೊತ್ತು, ಇಂಚಿಗೆ ಎಂಟು ನೂಲು. ನನಗೂ ಆ ಸೀಟಿಗೂ ಇರುವ ವ್ಯಾಜ್ಯ ಏಳು ನೂಲಿನದು. ಗಗನಸಖಿ ಬಂದು "ಸರ್, ಏನಾದರೂ ಬಿದ್ದಿದೆಯಾ?" ಅಂತ ಕೇಳಿದಳು. ಇಲ್ಲಮ್ಮ, ಹುಡುಕುತ್ತಿದ್ದೇನೆ ಅಂದೆ. ಅವಳಿಗೆ ನಗು ಬಂತು, ಅವಳ ಕೈಯಲ್ಲಿ ಏನಿದೆ ಹೇಳಿ.

ಈಗ ನನ್ನ ಮುಖ್ಯ ಮಾತು.

ಚೆಕ್-ಇನ್ ಕೌಂಟರಿನಲ್ಲಿ ನನ್ನ ಚೀಲವನ್ನು ತಕ್ಕಡಿಗೆ ಹಾಕುತ್ತಾರೆ. 15 ಕಿಲೋ ದಾಟಿದರೆ ದುಡ್ಡು. ಕೈಚೀಲ 7 ಕಿಲೋ. ಅದರ ಉದ್ದ 55 ಸೆಂಟಿಮೀಟರ್, ಅಗಲ 35, ದಪ್ಪ 25, ಇದೆಲ್ಲ ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಗೇಟಿನ ಹತ್ತಿರ ಕಬ್ಬಿಣದ ಒಂದು ಚೌಕಟ್ಟು ಇಟ್ಟು, ಅದರೊಳಗೆ ಚೀಲ ಇಳಿಸಿ ತೋರಿಸಿ ಅನ್ನುತ್ತಾರೆ. ಆಪ್‌ನಲ್ಲಿ ನನಗೆ ಜೈನರ ಊಟ ಬೇಕಾ, ಸಕ್ಕರೆ ಕಾಯಿಲೆಯವರ ಊಟ ಬೇಕಾ, ಮೊದಲು ಇಳಿಯಬೇಕಾ ಅಂತ ಎಲ್ಲ ಕೇಳುತ್ತದೆ. ನಾನು ಒಯ್ಯುವ ಪ್ರತಿಯೊಂದು ಸಾಮಾನಿನ ಅಳತೆ ಅವರಿಗೆ ಬೇಕು. ನಾನು ದುಡ್ಡು ಕೊಟ್ಟು ಕೊಳ್ಳುವ ಒಂದೇ ಒಂದು ಸಾಮಾನು, ಆ ಸೀಟು, ಎಷ್ಟು ಇಂಚು ಅಂತ ಮಾತ್ರ ಹೇಳುವುದಿಲ್ಲ.

ನಮ್ಮ ಹುಬ್ಬಳ್ಳಿ ವ್ಯಾಪಾರದ ಊರು. ಜವಳಿ ಸಾಲಿನಲ್ಲಿ ಬ್ಲೌಸ್ ಪೀಸ್ ಕೇಳಿದರೂ ಅಂಗಡಿಯವರು ಮೀಟರ್ ಕೋಲು ಹಿಡಿದು ನಿಮ್ಮ ಕಣ್ಣೆದುರೇ ಅಳೆದು, ಮೇಲೆ ಎರಡು ಬೆರಳು ಜಾಸ್ತಿ ಬಿಟ್ಟು ಕತ್ತರಿ ಹಾಕುತ್ತಾರೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ತೂಗದೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನ ಮೇಲೂ ನಿವ್ವಳ ತೂಕ ಅಚ್ಚು ಹಾಕಲೇಬೇಕು, 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕೆಳಗೆ ಅದಕ್ಕೆ ನಿಯಮ ಇದೆ, ಹಾಕದಿದ್ದರೆ ದಂಡ ಇದೆ. ಐದು ಸಾವಿರದ ಸೀಟಿಗೆ ಯಾಕಿಲ್ಲ? ಬಿಸ್ಕತ್ ಕಮ್ಮಿ ಬಿದ್ದರೆ ಇನ್ನೊಂದು ಪ್ಯಾಕೆಟ್ ತಗೊಳ್ಳಬಹುದು. ಮೂವತ್ತು ಸಾವಿರ ಅಡಿ ಮೇಲೆ ಇನ್ನೊಂದು ಇಂಚು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಇದು ಯಾರಿಗೂ ಗೊತ್ತಿಲ್ಲದ ಅಳತೆಯೇನಲ್ಲ. ಅದಕ್ಕೊಂದು ಹೆಸರೇ ಇದೆ, ಸೀಟ್ ಪಿಚ್ ಅಂತ. ಒಂದು ಸೀಟಿನ ಯಾವುದೋ ಒಂದು ಬಿಂದುವಿನಿಂದ ಅದರ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ. ಇದನ್ನೇ ಕಾಲಿನ ಜಾಗ ಅಂತ ತಿಳಿದು ಮೋಸ ಹೋಗಬೇಡಿ, ಇದರಲ್ಲಿ ಸೀಟಿನ ಬೆನ್ನಿನ ದಪ್ಪವೂ ಸೇರಿರುತ್ತದೆ. ಹಿಂದೆ 34, 35 ಇಂಚು ಇತ್ತು ಅಂತ ಹಳಬರು ಹೇಳುತ್ತಾರೆ. ಈಗ ಕಮ್ಮಿ ದರದ ವಿಮಾನಗಳಲ್ಲಿ 28ರಿಂದ 30ರ ನಡುವೆ. ಸೀಟಿನ ಬೆನ್ನನ್ನು ತೆಳ್ಳಗೆ ಮಾಡಿದ್ದೇವೆ, ಹಾಗಾಗಿ ಕಾಲಿಗೆ ಜಾಗ ಅಷ್ಟೇ ಇದೆ ಅನ್ನುವುದು ಕಂಪನಿಗಳ ಉತ್ತರ. ಸ್ವಲ್ಪ ನಿಜವೂ ಹೌದು. ಅದಕ್ಕೇ ನಾನು ಕೇಳುವುದು ಪಿಚ್ ಒಂದೇ ಅಲ್ಲ, ಟೇಲರ್ ಟೇಪು ಹಿಡಿದ ಅಳತೆ. ಬೆನ್ನಿನಿಂದ ಮುಂದಿನ ಸೀಟಿನವರೆಗೆ, ಮೊಣಕಾಲಿನ ಮಟ್ಟದಲ್ಲಿ, ನಿಜವಾಗಿ ಖಾಲಿ ಇರುವ ಜಾಗ.

ಯಾಕೆ ಹೀಗೆ ಹಿಂಡುತ್ತಾರೆ ಅನ್ನುವುದು ಪಿಯುಸಿಯ ಗಣಿತ ಕೂಡ ಅಲ್ಲ, ಆರನೇ ಕ್ಲಾಸಿನ ಲೆಕ್ಕ. ದಿಲ್ಲಿಗೆ ಹೋಗುವ ಏರ್‌ಬಸ್ 320 ತಗೊಳ್ಳಿ. 30 ಸಾಲು, ಸಾಲಿಗೆ ಆರು ಸೀಟು, ಒಟ್ಟು 180. ಒಂದೊಂದು ಸಾಲಿನಿಂದ ಒಂದೇ ಒಂದು ಇಂಚು ಕದ್ದರೆ 30 ಇಂಚು ಉಳಿಯಿತು. 30 ಇಂಚು ಅಂದರೆ ಇನ್ನೊಂದು ಸಾಲು, ಇನ್ನೂ ಆರು ಟಿಕೆಟ್ಟು, ದಿನಕ್ಕೆ ನಾಲ್ಕೈದು ಸಲ, ವರ್ಷವಿಡೀ. ನಾನೂ ಮಾರಾಟದ ಕೆಲಸದವನು, ಈ ಆಸೆ ನನಗೆ ಅರ್ಥವಾಗುತ್ತದೆ. ಟಿಕೆಟ್ಟು ಸಸ್ತಾ ಆಗಿದ್ದಕ್ಕೇ ಗದಗಿನ ಅಜ್ಜ ತೊಟ್ಟಿಲಿಗೆ ವಿಮಾನದಲ್ಲಿ ಹೋಗಿದ್ದು, ಅದನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಕದಿಯಬೇಡಿ ಅಂತ ಕೂಡ ಹೇಳುತ್ತಿಲ್ಲ, ಹೇಳಿ ತಗೊಳ್ಳಿ ಅನ್ನುತ್ತಿದ್ದೇನೆ. ಇದು 28, ಇದು 30, ಇದಕ್ಕೆ ಇಷ್ಟು ರೇಟು. ನೋಡಿ ಕೊಳ್ಳುತ್ತೇವೆ. ಅಳತೆ ಮುಚ್ಚಿಟ್ಟಾಗ ಎಲ್ಲ ಕಂಪನಿಯ ಸೀಟೂ ಒಂದೇ ಥರ ಕಾಣುತ್ತದೆ, ಆಗ ಪೈಪೋಟಿ ಬರೀ ರೇಟಿಗೆ. ಜಾಸ್ತಿ ಜಾಗ ಕೊಟ್ಟ ಕಂಪನಿಗೆ ಏನು ಸಿಕ್ಕಿತು?

ಜಾಸ್ತಿ ಜಾಗ ಬೇಕಿದ್ದರೆ ಆ ಸೀಟು ಇದೆಯಲ್ಲ, ದುಡ್ಡು ಕೊಟ್ಟು ತಗೋ ಅನ್ನುತ್ತೀರಿ. ತಗೊಂಡಿದ್ದೇನೆ. ತುರ್ತು ಬಾಗಿಲಿನ ಸಾಲು. ಒಂದು ಸಲ ದಿಲ್ಲಿಗೆ ಹೋಗುವಾಗ ಅದಕ್ಕೆ 900 ರೂಪಾಯಿ ಕೊಟ್ಟೆ. ಆ ಸಾಲಿನಲ್ಲಿ ಕೂತವರಿಗೆ ಗಗನಸಖಿ ಬಂದು ಪಾಠ ಮಾಡುತ್ತಾಳೆ, ಅವಘಡವಾದರೆ ಬಾಗಿಲು ತೆಗೆಯಲು ನೀವು ಸಹಾಯ ಮಾಡಬೇಕು, ಆಗುತ್ತದಾ, ಒಪ್ಪಿಗೆಯಾ ಅಂತ. ರೆಕ್ಕೆ ಮೇಲಿನ ಆ ಬಾಗಿಲು ಸುಮಾರು 15 ಕಿಲೋ ತೂಗುತ್ತದೆ. ಅಂದರೆ ಒಂದು ಚೆಕ್-ಇನ್ ಚೀಲ. ಆ ಕೆಲಸಕ್ಕೆ ಗಟ್ಟಿ ಆಳು ಬೇಕು, ಉದ್ದ ಕೈ ಇದ್ದರೆ ಒಳ್ಳೆಯದೇ ಅಲ್ವಾ? ನಾನು ಕೂತರೆ ಕಂಪನಿಗೂ ಒಳ್ಳೆಯದು, ನನಗೂ ಒಳ್ಳೆಯದು. ಆದರೂ ಬಾಗಿಲು ಕಾಯುವ ಕೆಲಸಕ್ಕೆ ನಾನೇ 900 ರೂಪಾಯಿ ಕೊಡಬೇಕು! ಆ ದಿನ ನನ್ನ ಪಕ್ಕದ ಸೀಟಿನಲ್ಲಿ ಐದಡಿ ಮೂರಿಂಚಿನ ಒಬ್ಬರು ಆರಾಮಾಗಿ ಕಾಲ ಮೇಲೆ ಕಾಲು ಹಾಕಿ ನಿದ್ದೆ ಮಾಡಿದರು. ಅವರೂ ದುಡ್ಡು ಕೊಟ್ಟಿದ್ದಾರೆ, ಅವರ ನಿದ್ದೆ ಅವರದು. ನನ್ನ ಸಿಟ್ಟು ಅವರ ಮೇಲಲ್ಲ.

ಇನ್ನೊಂದು ಸಲ ಇದಕ್ಕಿಂತ ಮಜಾ ಆಯಿತು. ದುಡ್ಡು ಕೊಟ್ಟು ಆ ಸೀಟು ಹಿಡಿದಿದ್ದೆ, ಕೊನೇ ಗಳಿಗೆಯಲ್ಲಿ ವಿಮಾನ ಬದಲಾಯಿತು. ನನ್ನ ಸೀಟಿನ ನಂಬರ್ ಹಾಗೇ ಇತ್ತು, ಆ ನಂಬರಿನ ಮುಂದೆ ಜಾಗ ಇರಲಿಲ್ಲ. ಎರಡು ಮುಕ್ಕಾಲು ತಾಸು ಕಾಲನ್ನು ನಡುದಾರಿಗೆ ಬಿಟ್ಟುಕೊಂಡು ಕೂತೆ. ತಿಂಡಿಯ ಗಾಡಿ ಬಂದಾಗ ಒಳಗೆಳೆದುಕೊಳ್ಳುವುದು, ಹೋದ ಮೇಲೆ ಬಿಡುವುದು. ನಿದ್ದೆ ಹತ್ತಿದಾಗ ಒಂದು ಸಲ ಎಳೆದುಕೊಳ್ಳಲಿಲ್ಲ. ಗಾಡಿಯ ಮೂಲೆ ಸೀದಾ ಚಿಪ್ಪಿಗೆ. ಎಂಟು ದಿನ ಕಂದುಗಟ್ಟಿತ್ತು. ಕಂಪನಿಗೆ ಮೇಲ್ ಹಾಕಿದೆ. ಉತ್ತರ ಬಂತು, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಅಂತ. ಅನಿಸಿಕೆ ಅಲ್ಲ ಸ್ವಾಮಿ, ಅದು ಮೊಣಕಾಲು.

ಇದರಲ್ಲಿ ಬರೀ ಆರಾಮದ ಮಾತಷ್ಟೇ ಇದ್ದಿದ್ದರೆ ನಿಮಗೆ ಪತ್ರ ಬರೆಯುತ್ತಿರಲಿಲ್ಲ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುತ್ತಿದ್ದೆ. ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಇರುವ ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರಬಹುದು ಅಂತ ತೋರಿಸಬೇಕು. ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ಮಾತ್ರ 14ನೇ ಸಾಲಿನಲ್ಲಿ ಬೆಲ್ಟ್ ಬಿಚ್ಚಿ, ಎರಡೂ ಕಾಲು ಒಂದೊಂದಾಗಿ ಕೀಳಿಸಿಕೊಂಡು, ತಲೆ ತಗ್ಗಿಸಿ ಹೊರಗೆ ಬರಲು ಆರಾಮಾದ ದಿನದಲ್ಲೂ ಅರ್ಧ ನಿಮಿಷ ತಗೊಳ್ಳುತ್ತೇನೆ. ಕಿಟಕಿ ಬದಿಯ ಆ ಹುಡುಗಿ ನಾನು ಎದ್ದ ಮೇಲೆಯೇ ಏಳಬೇಕು. ಇದನ್ನು ಬರೆಯುವಾಗ ನನಗೇ ಸ್ವಲ್ಪ ಹೆದರಿಕೆ ಆಯಿತು.

ದೂರದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಇನ್ನೊಂದು. ನಾಲ್ಕು ತಾಸಿಗಿಂತ ಜಾಸ್ತಿ ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ಆ ಅಪಾಯ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ, ತೀರಾ ಎತ್ತರ ಇರುವವರಿಗೆ ಇನ್ನೂ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹೆದರಿಸಲು ಹೇಳುತ್ತಿಲ್ಲ, ಅದೇ ವರದಿಯಲ್ಲಿ ಆರು ಸಾವಿರಕ್ಕೆ ಒಬ್ಬರು ಅಂತಲೂ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ತಾಸು, ಅಲ್ಲಿ ಇದರ ಭಯ ಇಲ್ಲ. ಆದರೆ ನಮ್ಮ ಮಕ್ಕಳು, ತಮ್ಮಂದಿರು ದುಬೈಗೆ, ಅಮೆರಿಕಕ್ಕೆ ಹೋಗುವುದೂ ಇಂಥದೇ ಸೀಟಿನಲ್ಲಿ. ಎದ್ದು ನಾಲ್ಕು ಹೆಜ್ಜೆ ಓಡಾಡಿ ಅಂತ ಡಾಕ್ಟರು ಹೇಳುತ್ತಾರೆ, ನಡುದಾರಿಯಲ್ಲಿ ಗಾಡಿ ನಿಂತಿರುತ್ತದೆ.

ಈ ತಂಟೆ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಪ್ರಯಾಣಿಕರ ಸಂಘದವರು ಕೋರ್ಟಿಗೇ ಹೋದರು. 2017ರಲ್ಲಿ ಅಲ್ಲಿನ ನ್ಯಾಯಾಧೀಶರು ಇದನ್ನು ಕುಗ್ಗುತ್ತಾ ಹೋಗುವ ಸೀಟಿನ ಪ್ರಕರಣ ಅಂತಲೇ ಕರೆದರು. ಮರುವರ್ಷ ಅಲ್ಲಿನ ಸಂಸತ್ತು, ಸೀಟಿಗೆ ಕನಿಷ್ಠ ಅಳತೆ ಗೊತ್ತುಮಾಡಿ ಅಂತ ಕಾನೂನಿನಲ್ಲೇ ಬರೆಯಿತು. 2022ರಲ್ಲಿ ಜನರ ಅಭಿಪ್ರಾಯ ಕೇಳಿದಾಗ ಸಾವಿರಾರು ಜನ ಬರೆದರು. ಕಾನೂನು ಬರೆದು ನಾಲ್ಕು ವರ್ಷಕ್ಕೆ ಅಭಿಪ್ರಾಯ ಕೇಳಿದ್ದು! ಅವರು ಮಾಡಲಿ ಆಮೇಲೆ ನೋಡೋಣ ಅಂತ ನೀವು ಕಾಯಬೇಡಿ ಅನ್ನುವುದಕ್ಕೇ ಇದನ್ನು ಹೇಳಿದ್ದು. ನಮ್ಮಲ್ಲಿ ಮನಸ್ಸು ಮಾಡಿದರೆ ಬೇಗ ಆಗುತ್ತದೆ. 12 ವರ್ಷದವರೆಗಿನ ಮಕ್ಕಳನ್ನು ತಂದೆ ಅಥವಾ ತಾಯಿಯ ಪಕ್ಕದಲ್ಲೇ ಕೂರಿಸಬೇಕು ಅಂತ 2024ರ ಏಪ್ರಿಲ್‌ನಲ್ಲಿ ನೀವೇ ಕಂಪನಿಗಳಿಗೆ ಹೇಳಿದಿರಿ. ಅದಕ್ಕೂ ಮುಂಚೆ ಅವ್ವ ಒಂದು ಕಡೆ ಕೂಸು ಒಂದು ಕಡೆ ಆಗಿ, ಇಡೀ ವಿಮಾನ ಸೀಟು ಬದಲಾಯಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಸೀಟಿನ ವ್ಯವಹಾರಕ್ಕೆ ನೀವು ಕೈ ಹಾಕಬಹುದು ಅನ್ನುವುದು ಅದರಿಂದಲೇ ಗೊತ್ತಾಯಿತಲ್ಲ.

ಹಾಗಾದರೆ ನಾನು ಕೇಳುವುದು ಏನು? ದುಡ್ಡು ಕಟ್ಟುವ ಮೊದಲು ಟಿಕೆಟ್ಟಿನ ಪುಟದಲ್ಲಿ, ಚೀಲದ ತೂಕ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ, ಆ ವಿಮಾನದ ಸೀಟಿನ ಅಳತೆ ಇರಬೇಕು. ಇಂಚಿನಲ್ಲಿ ಬರೆಯಲಿ, ಸೆಂಟಿಮೀಟರಿನಲ್ಲಿ ಬರೆಯಲಿ, ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಗೇಟಿನ ಹತ್ತಿರ ಚೀಲಕ್ಕೆ ಚೌಕಟ್ಟು ಇಟ್ಟ ಹಾಗೆ, ನಿಲ್ದಾಣದಲ್ಲಿ ಒಂದು ಸೀಟಿನ ಹಿಂದೆ ಇನ್ನೊಂದು ಸೀಟು ಅದೇ ಅಂತರದಲ್ಲಿ ಇಟ್ಟರೆ ಇನ್ನೂ ಚಂದ. ಕೂತು ನೋಡುತ್ತೇವೆ. ಕೂರಲು ಆಗದಿದ್ದವರಿಗೆ, ತುರ್ತು ಬಾಗಿಲಿನ ಸಾಲಿನಲ್ಲೋ ಮೊದಲ ಸಾಲಿನಲ್ಲೋ ಜಾಗ ಖಾಲಿ ಇದ್ದರೆ, ಮಾಮೂಲಿ ರೇಟಿಗೆ ಕೊಡಲಿ. ಎಷ್ಟೋ ಸಲ ಆ ಸೀಟು ಖಾಲಿಯೇ ಹಾರುತ್ತದೆ, ನಾನು ಹಿಂದಿನಿಂದ ನೋಡುತ್ತಾ ಕೂತಿರುತ್ತೇನೆ. ಕೇಳಿದರೆ ಅದು ದುಡ್ಡಿನ ಸೀಟು ಸರ್ ಅನ್ನುತ್ತಾರೆ. ದುಡ್ಡಿನ ಸೀಟು ಖಾಲಿ ಹೋದರೆ ಅದಕ್ಕೆ ದುಡ್ಡು ಎಲ್ಲಿಂದ ಬಂತೋ! ಇದಕ್ಕಿಂತ ಕಮ್ಮಿ ಮಾಡಬಾರದು ಅನ್ನುವ ಕನಿಷ್ಠ ಅಳತೆ ಎಷ್ಟಿರಬೇಕು ಅನ್ನುವುದನ್ನು ನಾನು ಹೇಳುವುದಿಲ್ಲ, ಅದಕ್ಕೆ ನಿಮ್ಮ ಹತ್ತಿರ ಇಂಜಿನಿಯರುಗಳಿದ್ದಾರೆ. ಟೇಪು ಬೇಕಿದ್ದರೆ ನನ್ನ ಹತ್ತಿರ ಇದೆ.

ನಮ್ಮ ದೇಶದ ಗಂಡಸರ ಎತ್ತರ ಸರಾಸರಿ ಐದಡಿ ಐದಿಂಚಿನ ಆಸುಪಾಸು, ನಿಮ್ಮಂಥ ನಾಲ್ಕು ಜನಕ್ಕೋಸ್ಕರ ನಿಯಮ ಮಾಡೋದಾ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಕೇಳಿದರು. ಅವರಿಗೆ ಹೋದ ವರ್ಷ ಮೊಣಕಾಲಿನ ಆಪರೇಷನ್ ಆಗಿತ್ತು. ಒಂದು ತಿಂಗಳು ಕಾಲು ಮಡಚಲು ಆಗುತ್ತಿರಲಿಲ್ಲ. ಅವರು ಬೆಂಗಳೂರಿಗೆ ಹೋಗಿದ್ದು ವಂದೇ ಭಾರತ್ ರೈಲಿನಲ್ಲಿ. ಯಾಕ್ರೀ ವಿಮಾನ ಬಿಟ್ಟಿರಿ ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಚಹಾ ಹೇಳಿದರು.

ರೈಲಿಗೇ ಹೋಗಬಾರದಾ ಅಂತ ನೀವೂ ಕೇಳಬಹುದು. ಬೆಂಗಳೂರಿಗೆ ಹೋಗುತ್ತೇನೆ, 2023ರ ಜೂನ್‌ನಿಂದ ಧಾರವಾಡಕ್ಕೆ ವಂದೇ ಭಾರತ್ ಬಂದ ಮೇಲೆ ಎಷ್ಟೋ ಸಲ ಹೋಗಿದ್ದೇನೆ. ದಿಲ್ಲಿಗೆ ರೈಲಿನಲ್ಲಿ ಒಂದೂವರೆ ದಿನಕ್ಕೂ ಜಾಸ್ತಿ, ಅಷ್ಟು ದಿನ ರಜೆ ನಮ್ಮ ಮಾಲಕರು ಕೊಡುವುದಿಲ್ಲ. ಅಂದ ಹಾಗೆ, ಜಗತ್ತಿನಲ್ಲೇ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇರುವುದು ನಮ್ಮ ಹುಬ್ಬಳ್ಳಿಯಲ್ಲಿ, 1507 ಮೀಟರ್. ಉದ್ದಕ್ಕೆ ಮರ್ಯಾದೆ ಕೊಡುವ ಊರು ನಮ್ಮದು. ಅದೇ ಊರಿನ ಇನ್ನೊಂದು ತುದಿಯಲ್ಲಿ ಏಳು ನೂಲು ಸಿಗುತ್ತಿಲ್ಲ.

ಇನ್ನು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಯಾರಾದರೂ ಬುದ್ಧಿ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಚಾಚುತ್ತಿಲ್ಲ. ಮಡಚಿದ ಕಾಲಿನ ಅಳತೆಯನ್ನೇ ನಾನು ಬರೆದಿದ್ದು. ಹಾಸಿಗೆ ಎಷ್ಟಿದೆ ಅಂತ ಮೊದಲು ಹೇಳಿದರೆ ಮುಂದಿನದನ್ನು ನೋಡಿಕೊಳ್ಳಬಹುದು.

ಅಜ್ಜಿಯ ಆ ಕೌದಿಯ ತುಂಡು ಮನೆ ರಿಪೇರಿ ಮಾಡಿಸುವವರೆಗೂ ತೊಲೆಗೆ ಕಟ್ಟಿಕೊಂಡೇ ಇತ್ತು. ಬಾಗಿಲು ಎತ್ತರವಾಗಲಿಲ್ಲ, ನಾನು ಗಿಡ್ಡ ಆಗಲಿಲ್ಲ.

ಬರುವ ತಿಂಗಳು ಮತ್ತೆ ಬೆಂಗಳೂರು, ಅಲ್ಲಿಂದ ದಿಲ್ಲಿ. ನಿನ್ನೆ ರಾತ್ರಿ ಟಿಕೆಟ್ ಮಾಡಿಸಿದೆ. ಚೀಲದ ತೂಕ, ಚೀಲದ ಉದ್ದ, ಪವರ್ ಬ್ಯಾಂಕ್ ಎಲ್ಲಿಡಬೇಕು, ಎಲ್ಲ ಬರೆದಿತ್ತು. ಪುಟ ಕೆಳಗಿನ ತನಕ ಎಳೆದು ನೋಡಿದೆ, ಸೀಟಿನ ಅಳತೆ ಸಿಗಲಿಲ್ಲ. ನನ್ನದನ್ನು ನಾನು ಕೊಟ್ಟಿದ್ದೇನೆ, 26 ಮುಕ್ಕಾಲು. ನಿಮ್ಮದು ಎಷ್ಟು ಅಂತ ಕೇಳಿ ಬರೆಯಿಸಿ.

ಇಂತಿ ನಿಮ್ಮ ವಿಶ್ವಾಸಿ,
14ನೇ ಸಾಲಿನ ನಡುದಾರಿ ಬದಿಯ ಪ್ರಯಾಣಿಕ
ಹುಬ್ಬಳ್ಳಿ